ಹೊಟ್ಟೆಯೊಳಗಿನ ಖಾನಾವಳಿಗೆ ನೂರು ದಿನ ಸೂಟಿ

ಹೊಟ್ಟೆಗೆ ಕಟ್ಟಿ ಒಳಗಿನ ಸದ್ದು ಕೇಳುವ ಕಿವಿಪಟ್ಟಿ ಬರುವ ಮೊದಲು ಹೊಟ್ಟೆ ಮಾತಾಡುತ್ತದೆ ಎಂದರೆ ಹಸಿವೆಯಾಗಿದೆ ಎಂದಷ್ಟೇ ಅರ್ಥವಿತ್ತು. ಪಟ್ಟಿ ಬಂದ ಮೇಲೆ ಹೊಟ್ಟೆಯ ಯಾವ ಮೂಲೆಯಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರು ಗಂಟಲು ಕಟ್ಟಿಸಿಕೊಂಡು ಕೂತಿದ್ದಾರೆ ಎಂಬುದೂ ತಿಳಿಯತೊಡಗಿತು. ನವನಗರದ ಆಚೆ ಇದ್ದ ನಮ್ಮ ಮಧುಮೇಹ ಶ್ರವಣ ಕೇಂದ್ರದಲ್ಲಿ ನನ್ನ ಹುದ್ದೆಯ ಹೆಸರು 'ಕೇಳುಗ'. ಸಂಬಳ ಕೊಟ್ಟು ಕೇಳಿಸಿಕೊಳ್ಳುವ ಕೆಲಸ. ಮದುವೆಯಾಗಿದ್ದರೆ ಪುಕ್ಕಟೆಯಾಗಿ ಮಾಡಬೇಕಿತ್ತು ಎಂದು ನಾನೇ ನಗುತ್ತಿದ್ದೆ.

ಕೆಲಸ ಸಿಕ್ಕಿದ್ದು ಬಿ.ಎಸ್ಸಿ.ಯ ಅಂಕಪಟ್ಟಿಯಿಂದಲ್ಲ, ಬಾಯಿಯಿಂದ. ಕಾಲೇಜಿನಲ್ಲಿ ಮೂರು ವರ್ಷವೂ ಯುವಜನೋತ್ಸವದ ಮಿಮಿಕ್ರಿ ಬಹುಮಾನ ನನ್ನದೇ. ಪ್ರೆಷರ್ ಕುಕ್ಕರು, ಕೆಟ್ಟು ನಿಂತ ಬಸ್ಸು, ಬಸ್ಸು ಕೆಟ್ಟದ್ದಕ್ಕೆ ಪ್ರಯಾಣಿಕರನ್ನೇ ಬೈಯುವ ಕಂಡಕ್ಟರು ಎಲ್ಲ ಬರುತ್ತಿದ್ದವು. ಸದ್ದು ಮಾಡಲು ಬಂದವನಿಗೆ ಸದ್ದು ಕೇಳಲೂ ಬರುತ್ತದೆ ಎಂಬುದು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಐರಿನ್ ಲೋಬೊ ಅವರ ಸಿದ್ಧಾಂತ. ಮಂಗಳೂರಿನವರು. ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅಡಿವೆಪ್ಪ, ನನ್ನ ಹಾಗೆ ಮಾತಾಡಿ ನೋಡುವ."

"ಅದು ಹಾಗೆಲ್ಲ ಆಗುದಿಲ್ಲ ಮಾರಾಯ್ರೆ, ಸಂಬಳ ಎಷ್ಟುಂಟು ಅಂತ ಮೊದಲು ಹೇಳಿ" ಎಂದೆ, ಅವರದೇ ದನಿಯಲ್ಲಿ. ಅವರು ನಗಲಿಲ್ಲ. ಸೋಮವಾರದಿಂದ ಬನ್ನಿ ಎಂದರು.

ಪಟ್ಟಿ ಕೇಳುತ್ತಿದ್ದುದು ಏನನ್ನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜಠರದ ಹಿಂದೆ ಮೇದೋಜೀರಕ ಎಂಬ ಗ್ರಂಥಿಯಿದೆ. ಅದರೊಳಗೆ ಪುಟ್ಟ ದ್ವೀಪಗಳಂತೆ ಚದುರಿಕೊಂಡ ಕೋಶಗಳ ಗುಂಪುಗಳು. ಆ ಗುಂಪುಗಳಲ್ಲಿ ಬೀಟಾ ಎಂಬ ಕೋಶಗಳದು ಇನ್ಸುಲಿನ್ ತಯಾರಿಸುವ ಕೆಲಸ. ಊಟವಾಗಿ ರಕ್ತಕ್ಕೆ ಸಕ್ಕರೆ ಇಳಿದಾಗ ಅವು ಒಟ್ಟಾಗಿ ಮಿಡಿಯುತ್ತವೆ. ಒಂದಷ್ಟು ಹೊತ್ತು ರಭಸ, ಆಮೇಲೆ ಬಿಡುವು, ಮತ್ತೆ ರಭಸ. ಬಣ್ಣದ ಗುಳಿಗೆಯೊಂದನ್ನು ನುಂಗಿಸಿದರೆ ಆ ಬಣ್ಣ ಹೋಗಿ ಬೀಟಾ ಕೋಶಗಳಲ್ಲೇ ಕೂರುತ್ತದೆ. ಹೊಟ್ಟೆಗೆ ಕಟ್ಟಿದ ಪಟ್ಟಿ ಬೆಳಕಿನ ಸಣ್ಣ ಸಣ್ಣ ಏಟು ಕೊಡುತ್ತದೆ. ಮಿಡಿಯುವ ಕೋಶ ಮಾತ್ರ ಆ ಏಟಿಗೆ ಕೂದಲೆಳೆಯಷ್ಟು ಉಬ್ಬಿ ಟಪ್ ಎನ್ನುತ್ತದೆ. ಪಟ್ಟಿಯೊಳಗಿನ ಮೈಕು ಆ ಟಪ್‌ಗಳನ್ನು ಹಿಡಿಯುತ್ತದೆ. ಹನ್ನೊಂದು ನಿಮಿಷ ಕೇಳಿ ನೂರಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಕಂಪ್ಯೂಟರು ಕರುಳಿನ ಗುಳುಗುಳುವಿಗೂ ಅಂಕ ಕೊಟ್ಟು ನಗೆಗೀಡಾಗಿತ್ತು. ಹಾಗಾಗಿ ಕೇಳುಗರು ಬೇಕಾದರು.

ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡಾಗ ನನಗೆ ನಗು ಬಂತು. ಆ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಅದು ಜೋಳದ ರೊಟ್ಟಿ ಬಡಿಯುವ ಸದ್ದು.

ನನ್ನ ಅಕ್ಕ ನೀಲಗಂಗವ್ವನದು ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಆರು; ಅಂದಿನಿಂದ ಅವಳ ಮಗ್ಗುಲಲ್ಲಿ ಹಿಟ್ಟಿನ ಬುಟ್ಟಿಗೆ ಒರಗಿ ಬೆಳೆದವನು ನಾನು. ನಾಲ್ವರು ಹೆಂಗಸರು ಸಾಲಾಗಿ ಕೂತು ಬಡಿಯುವಾಗ ಅಕ್ಕನದು ಮೊದಲ ಪೆಟ್ಟು. ಅವಳ ಲಯ ಹಿಡಿದು ಪಕ್ಕದ ಶಾಂತವ್ವ, ಶಾಂತವ್ವನ ಲಯ ಹಿಡಿದು ಉಳಿದಿಬ್ಬರು. ಬೀಟಾ ಕೋಶಗಳಲ್ಲೂ ಹಾಗೆಯೇ. ಗುಂಪಿಗೊಂದು ಮುಂದಾಳು ಕೋಶ ಇರುತ್ತದೆ. ಅದು ಶುರುಮಾಡಿದರೆ ನೆರೆಯವು ಕೂಡಿಕೊಳ್ಳುತ್ತವೆ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷ. ದಿನಕ್ಕೆ ನಾಲ್ಕು ಸಲ ಸೂಜಿ.

"ಅದು ಇನ್ಸುಲಿನ್ ಅಲ್ಲೋ, ಇನ್ನೂ ಸುಲಿ, ಇನ್ನೂ ಸುಲಿ ಅಂತ ಅದರ ಹೆಸರು" ಎನ್ನುತ್ತಿದ್ದಳು. ಮೇದೋಜೀರಕ ಎಂದಾಗ, "ಅದರಾಗ ಜೀರಗಿನೂ ಐತೇನು? ಹಂಗಾರ ಒಗ್ಗರಣಿ ಹಾಕ್ಕೊಳ್ಳಲಿ" ಎಂದವಳು. ನನ್ನ ನಾಲಗೆ ಎಲ್ಲಿಂದ ಬಂದದ್ದು ಎಂದು ಬೇರೆ ಹೇಳಬೇಕಿಲ್ಲ.

ಆದರೆ ಸೂಜಿಗಿಂತ ಅವಳಿಗೆ ಭಯವಿದ್ದುದು ಸಕ್ಕರೆ ಒಮ್ಮೆಲೇ ಕುಸಿಯುವುದರದು. ಎರಡು ವರ್ಷದ ಕೆಳಗೆ ಸೂಜಿ ಚುಚ್ಚಿಕೊಂಡು, ಗಿರಾಕಿಗಳ ಗದ್ದಲದಲ್ಲಿ ತಾನು ಉಣ್ಣುವುದನ್ನು ಮರೆತು, ಒಲೆಯ ಮುಂದೆಯೇ ಕಣ್ಣು ಕತ್ತಲೆಗಟ್ಟಿ ಎಡ ಅಂಗೈಯನ್ನು ಕಾದ ಹಂಚಿನ ಮೇಲೆ ಊರಿದ್ದಳು. ಗಾಯ ಮಾಯ್ದ ಮೇಲೂ ಆ ಅಂಗೈ ಪೂರ್ತಿ ಅಗಲವಾಗಲಿಲ್ಲ. ಬಲಗೈಯೊಂದರಲ್ಲೇ ಬಡಿಯುತ್ತಿದ್ದಳು. ಎಡಗೈಯದು ಹಿಟ್ಟು ತಿರುಗಿಸುವಷ್ಟೇ ಕೆಲಸ.

"ನನಗೇನೂ ಲಾಡು ತಿನ್ನಬೇಕಾಗಿಲ್ಲ ತಮ್ಮಾ. ಅಂಜಿಕಿ ಇಲ್ಲದ ಒಲಿ ಮುಂದ ಕೂಡಬೇಕು. ಅಷ್ಟ."

ಆ ಹೊತ್ತಿಗೆ ನಮ್ಮ ಕೇಂದ್ರದಲ್ಲಿ ಡಾಕ್ಟರ್ ಐರಿನ್ ಅವರ ಹೊಸ ಮದ್ದಿನ ಗುಳಿಗೆ ಪರೀಕ್ಷೆಗೆ ಬಂದಿತ್ತು. ಕಾಗದದ ಮೇಲೆ ಅದಕ್ಕೊಂದು ಅಕ್ಷರ, ಒಂದು ಅಂಕಿ. ನಾನು ಅದಕ್ಕೆ 'ಸೂಟಿ ಗುಳಿಗೆ' ಎಂದು ಹೆಸರಿಟ್ಟೆ. ತಿಂಗಳೊಳಗೆ ಡಾಕ್ಟರರ ಬಾಯಲ್ಲೂ ಅದೇ ಹೆಸರು.

ಅದರ ಕೆಲಸವನ್ನು ಅಕ್ಕನಿಗೆ ನಾನು ವಿವರಿಸಿದ್ದು ಖಾನಾವಳಿಯ ಭಾಷೆಯಲ್ಲಿಯೇ. ಮಧ್ಯಾಹ್ನ ಮೂರು ಗಂಟೆ. ಗಿರಾಕಿಗಳು ಹೋಗಿ ಹೆಂಗಸರು ಉಣ್ಣಲು ಕೂತಿದ್ದರು.

"ನಿನ್ನ ಹೊಟ್ಟಿಯೊಳಗೊಂದು ಖಾನಾವಳಿ ಐತಿ ಅಂತ ತಿಳಕೋ. ಮೊದಲ ನೂರು ಮಂದಿ ಗಿರಾಕಿ ಬರ್ತಿದ್ರು. ಮೈಯಾಗ ಇನ್ಸುಲಿನ್ ಮಾತು ಕೇಳೂದು ಕಡಿಮಿ ಆತು. ಅಂದ್ರ ಒಂದು ರೊಟ್ಟಿಗೆ ಹೊಟ್ಟಿ ತುಂಬೋರಿಗೆ ಮೂರು ಬೇಕಾತು. ಬಡಿಯೋ ಹೆಣ್ಣಮಕ್ಕಳು ಅಷ್ಟ. ಏನು ಮಾಡ್ತಾರ?"

"ಒಂದೇ ಸವನ ಬಡೀತಾರ" ಎಂದಳು ಶಾಂತವ್ವ. ಅಕ್ಕನ ಜೊತೆ ಇಪ್ಪತ್ತು ವರ್ಷದಿಂದ ಬಡಿಯುತ್ತಿದ್ದವಳು.

"ಬಡೀತಾರ. ಅವಸರದಾಗ ಹಿಟ್ಟು ಕೆಡತೈತಿ. ಕೆಟ್ಟ ಹಿಟ್ಟು ಕಾಲಾಗ ಸುತ್ತಲೂ ಬಿದ್ದು ಒಳಗ ಉಸಿರು ಕಟ್ಟತೈತಿ. ಮ್ಯಾಲಿಂದ ಹರಿಯೋ ರಕ್ತದ ತುಂಬ ಸಕ್ಕರಿ, ಕೊಬ್ಬು. ಒಲಿ ಹೊಗಿ ಇದ್ದಂಗ ಅದು. ಒಂದಿಷ್ಟು ಮಂದಿ ಸಾಯ್ತಾರ. ಇನ್ನೊಂದಿಷ್ಟು ಮಂದಿ ಸಾಯೂದಿಲ್ಲ. ಮೂಲ್ಯಾಗ ಕುಂತು ತಾವು ರೊಟ್ಟಿ ಬಡಿಯೋರು ಅನ್ನೂದನ್ನ ಮರೀತಾರ."

"ಮರತವರಿಗೆ ನೆನಪು ಮಾಡಿದ್ರ?" ಎಂದಳು ಅಕ್ಕ. ಅವಳ ಪ್ರಶ್ನೆ ಯಾವಾಗಲೂ ನೆಟ್ಟಗೆ ಬರುತ್ತಿತ್ತು.

"ಅದನ್ನ ಈ ಗುಳಗಿ ಮಾಡತೈತಿ. ನೂರು ದಿನ ಖಾನಾವಳಿಗೆ ಪೂರಾ ಸೂಟಿ. ಒಬ್ಬರೂ ಬಡಿಯಂಗಿಲ್ಲ. ರೊಟ್ಟಿ ಎಲ್ಲಾ ಹೊರಗಿಂದ, ಅಂದ್ರ ಇನ್ಸುಲಿನ್ ಪೂರಾ ಪಂಪಿನಿಂದ. ದಣಿದವರು ಮಲಗ್ತಾರ, ಕಸ ಹೊರಗ ಹೋಗತೈತಿ. ನೂರು ದಿನ ಆದಮ್ಯಾಲ ಗುಳಗಿ ನಿಲ್ಲಸ್ತಾರ. ಒಬ್ಬಾಕಿ ಎದ್ದು ಬಡಿಯಾಕ ಸುರು ಮಾಡಿದ್ರ ಬಾಜೂದಾಕಿಗೆ ನೆನಪಾಗತೈತಿ."

"ಸತ್ತವರು?"

"ಸತ್ತವರು ಬರೂದಿಲ್ಲ ಅಕ್ಕಾ. ಗುಳಗಿ ಮರತವರಿಗಷ್ಟ."

ಕರಾರು ಎರಡು. ಸೂಟಿಯ ಅವಧಿಯಲ್ಲಿ ಸಕ್ಕರೆ ಹೇಳದೆ ಕೇಳದೆ ಕುಸಿಯಬಹುದಾದ್ದರಿಂದ ನೂರು ದಿನ ಬೆಂಕಿಯ ಹತ್ತಿರ ಕೂರುವಂತಿಲ್ಲ. ಮತ್ತು ಮೂವತ್ತು ಅಂಕಕ್ಕಿಂತ ಕಡಿಮೆ ಇದ್ದವರಿಗೆ ಗುಳಿಗೆ ಇಲ್ಲ. ಅಷ್ಟು ವಿರಳವಾಗಿ ಉಳಿದ ಕೋಶಗಳನ್ನು ಒಮ್ಮೆ ಮಲಗಿಸಿದರೆ ಎಬ್ಬಿಸಲು ನೆರೆಯವರಿರುವುದಿಲ್ಲ ಎಂಬುದು ಡಾಕ್ಟರ್ ಐರಿನ್ ಅವರ ಲೆಕ್ಕ.

ನಾನು ಆ ಎರಡನೆಯದನ್ನು ಲಿಫ್ಟಿನ ಫಲಕದಂತೆ ಓದಿಕೊಂಡೆ. ಎಂಟು ಜನ ಎಂದು ಬರೆದಿರುತ್ತದೆ, ಹನ್ನೊಂದು ಜನ ಹೋಗುತ್ತೇವೆ. ಮೊದಲ ತಂಡದಲ್ಲಿ ಮೂವತ್ತಮೂರಿದ್ದ ನಿವೃತ್ತ ಟೈಪಿಸ್ಟ್ ಒಬ್ಬರು ನೂರು ದಿನದ ಮೇಲೆ ಅರವತ್ತು ತಂದುಕೊಂಡು, ಸೂಜಿ ಬಿಟ್ಟು, ಕೇಂದ್ರಕ್ಕೆಲ್ಲ ಮಂಡಕ್ಕಿ ಹಂಚಿದ್ದರು. ಮೂವತ್ತಮೂರಕ್ಕೆ ಅಷ್ಟಾದರೆ ಅದಕ್ಕಿಂತ ಕಡಿಮೆ ಇದ್ದವರಿಗೆ ಅರ್ಧವಾದರೂ ಆಗದೇ?

ಸಂಬಂಧಿಕರ ಸದ್ದಿಗೆ ಕೇಳುಗ ಅಂಕ ಕೊಡುವಂತಿಲ್ಲ. ಪಟ್ಟಿ ಕಟ್ಟಿ ಸದ್ದು ಹಿಡಿದು ತರಬಹುದು; ಕೇಳಿ ಅಂಕ ಕೊಡುವವರು ಡಾಕ್ಟರೇ. ಒಂದು ಬುಧವಾರ ಮಧ್ಯಾಹ್ನ ಅಕ್ಕ ಬಣ್ಣದ ಗುಳಿಗೆ ನುಂಗಿ, ಅರ್ಧ ರೊಟ್ಟಿ ತಿಂದು ಒಳಕೋಣೆಯಲ್ಲಿ ಮಲಗಿದಳು. ಪಟ್ಟಿ ಕಟ್ಟಿ ಹೆಡ್‌ಫೋನ್ ಕಿವಿಗಿಟ್ಟೆ.

ಒಂದು ಟಪ್. ಬಹಳ ಹೊತ್ತಿನ ಮೇಲೆ ಇನ್ನೊಂದು, ದೂರದಲ್ಲಿ. ಮುಂದಾಳು ಕೋಶವೊಂದು ಎಲ್ಲೋ ಲಯ ಶುರುಮಾಡಿ, ಯಾರೂ ಕೂಡಿಕೊಳ್ಳದೆ, ನಿಲ್ಲಿಸಿ, ನಾಚಿಕೆಯಿಲ್ಲದೆ ಮತ್ತೆ ಶುರುಮಾಡುತ್ತಿತ್ತು. ಹನ್ನೊಂದು ನಿಮಿಷ ಕೇಳಿದೆ. ಹದಿನೆಂಟು. ಎಷ್ಟು ಉದಾರಿಯಾದರೂ ಹತ್ತೊಂಬತ್ತು.

"ಏನಂತಾರೋ ನಮ್ಮ ಮಂದಿ?" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಪಟ್ಟಿ ಸರದೈತಿ. ಇನ್ನೊಮ್ಮೆ ಹಿಡೀಬೇಕು. ನೀ ಹಂಗ ನಿದ್ದಿ ಮಾಡು."

ಅವಳು ನಿದ್ದೆ ಹೋದ ಮೇಲೆ ಪಟ್ಟಿ ಬಿಚ್ಚಿಕೊಂಡು ಜೋಳದ ಚೀಲಗಳ ಕೋಣೆಗೆ ಹೋದೆ. ಹಿಡಿದದ್ದನ್ನು ಅಳಿಸಿದೆ. ಪಟ್ಟಿಯನ್ನು ಗದ್ದಕ್ಕೆ ಕಟ್ಟಿಕೊಂಡೆ. ನಾಲಗೆಯ ತುದಿಯನ್ನು ಅಂಗುಳಿಗೆ ಹಚ್ಚಿ ಶುರುಮಾಡಿದೆ.

ಎರಡು ಸಾವಿರ ಹೊಟ್ಟೆಗಳನ್ನು ಕೇಳಿದವನಿಗೆ ಏನು ಬೇಕೆಂದು ಗೊತ್ತಿತ್ತು. ತೀರ ಚೆನ್ನಾಗಿ ಮಾಡಿದರೆ ಸಿಕ್ಕಿಬೀಳುತ್ತೇನೆ. ಐವತ್ತೆರಡು ವರ್ಷದವಳ ದಣಿದ ಗುಂಪುಗಳು ಬೇಕು. ಮುಂದಾಳು ಎರಡು ಸಲ ಎಡವಬೇಕು, ಕೂಡಿಕೊಳ್ಳುವವರು ತಡವಾಗಿ ಕೂಡಿಕೊಳ್ಳಬೇಕು, ನಡುವೆ ಒಮ್ಮೆ ಕರುಳಿನ ಗುಳುಗುಳು. ಎಲ್ಲ ಸೇರಿಸಿದೆ. ಐದನೆಯ ನಿಮಿಷದಲ್ಲಿ ಶಾಂತವ್ವ ಹಿಟ್ಟಿಗೆಂದು ಬಂದವಳು ನನ್ನ ಗದ್ದದ ಪಟ್ಟಿ ನೋಡಿ ನಿಂತಳು.

"ಹಲ್ಲು ನೋಯಾಕತ್ತಾವೇನೋ ಅಡಿವೆಪ್ಪಾ?"

ಸದ್ದು ನಿಲ್ಲಿಸದೆ ತಲೆಯಾಡಿಸಿದೆ.

"ಲವಂಗ ಇಟಗೋ" ಎಂದು ಹೋದಳು.

ಮರುದಿನ ಡಾಕ್ಟರ್ ಐರಿನ್ ಕಣ್ಣು ಮುಚ್ಚಿ ಹನ್ನೊಂದು ನಿಮಿಷವೂ ಕೇಳಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ.

"ನಲವತ್ತೆರಡು. ನಿಮ್ಮ ಅಕ್ಕ ಗಟ್ಟಿಗರು ಮಾರಾಯ್ರೆ. ಹದಿನಾರು ವರ್ಷ ಆದ್ಮೇಲೂ ಇಷ್ಟು ಉಂಟಲ್ಲ."

ನಾನು ಮನಸ್ಸಿನಲ್ಲಿಟ್ಟುಕೊಂಡದ್ದೂ ನಲವತ್ತೆರಡೇ. ಜೀವನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಬಹುಮಾನ ಅದು. ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಸದ್ದನ್ನು ನಾನು ಅಕ್ಕನಿಗೂ ಕೇಳಿಸಿದೆ. ಕೇಳಬೇಕೆಂದು ಅವಳೇ ಹಟ ಹಿಡಿದಳು. ಹೆಡ್‌ಫೋನ್ ಹಾಕಿಕೊಂಡು, ಸುಟ್ಟ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಬಲಗೈ ತಾನಾಗಿ ಲಯ ಹಿಡಿಯಿತು.

"ಇಕಿ ಮೊದಲು ಬಡೀತಾಳ, ಕೇಳು. ಆಮ್ಯಾಲ ಉಳಿದವರು. ಅಲ್ಲೆ ತಪ್ಪಿದಳು ನೋಡು, ಮತ್ತ ಹಿಡಕೊಂಡಳು." ಅವಳ ಕಣ್ಣು ತುಂಬಿತ್ತು. "ಇಷ್ಟು ವರ್ಷ ಇವರನ್ನ ಬರೇ ಬೈದೆ ನಾ. ಕೆಲಸಗೇಡಿಗಳು ಅಂದೆ. ಪಾಪ, ಒಳಗ ಕುಂತು ಇಷ್ಟು ದುಡೀತಿದ್ರಲ್ಲೋ."

ನಾನು ಕಂಡಕ್ಟರನ ದನಿ ತೆಗೆದು, "ಮುಂದ ಸರೀರಿ, ಸೂಟಿಗೆ ಹೊರಡೋ ಗಾಡಿ ಐತಿ" ಎಂದೆ. ಅವಳು ಅಳುತ್ತಲೇ ನಕ್ಕಳು.

ನೂರು ದಿನ ಚೆನ್ನಾಗಿಯೇ ಕಳೆದವು. ಸೊಂಟಕ್ಕೆ ಪಂಪು, ಬಾಗಿಲ ಬಳಿ ಕುರ್ಚಿ. ಒಲೆಯ ಮುಂದಿನ ಅವಳ ಮಣೆಯ ಮೇಲೆ ಯಾರೂ ಕೂರಬಾರದೆಂದು ಹಿಟ್ಟಿನ ಜರಡಿ ಇಟ್ಟಿದ್ದಳು. ಉಳಿದ ಮೂವರು ಬಡಿದರೆ ಲಯ ಆಗಾಗ ಚದುರುತ್ತಿತ್ತು. ಅಕ್ಕ ಕುರ್ಚಿಯಿಂದಲೇ ಬೈಯುತ್ತಿದ್ದಳು. ಗಿರಾಕಿಗಳು ಕೇಳಿದರೆ, "ನಮ್ಮ ಒಳಗಿನವರು ಸೂಟಿ ಮ್ಯಾಲ ಹೋಗ್ಯಾರ. ಬರೂ ತನಕ ನನಗೂ ಸೂಟಿ" ಎನ್ನುತ್ತಿದ್ದಳು. ಸಕ್ಕರೆ ಇಳಿಯಿತೆಂದು ಪಂಪು ಎರಡು ಸಲ ಚೀರಿತು, ಎರಡೂ ಸಲ ಶಾಂತವ್ವ ಬೆಲ್ಲದ ನೀರು ಕುಡಿಸಿದಳು. ನೂರನೆಯ ದಿನದ ಮುಂಜಾನೆ ನಾನು ಹೋದಾಗ ಅಕ್ಕ ಜರಡಿಯನ್ನು ಎತ್ತಿ ಗೂಟಕ್ಕೆ ಹಾಕಿದ್ದಳು. ಮಣೆ ತೊಳೆದು ಬಿಸಿಲಿಗಿಟ್ಟಿದ್ದಳು.

ಗುಳಿಗೆ ನಿಲ್ಲಿಸಿ ಮೂರು ದಿನಕ್ಕೆ ಕೋಶಗಳು ಏಳಬೇಕು. ಐದನೆಯ ದಿನ ಕೇಂದ್ರದಲ್ಲಿ ಅಕ್ಕನಿಗೆ ಅರ್ಧ ಲೋಟ ಗ್ಲೂಕೋಸ್ ನೀರು ಕುಡಿಸಿ ಪಟ್ಟಿ ಕಟ್ಟಿದರು. ಸದ್ದನ್ನು ಸ್ಪೀಕರಿಗೆ ಹಾಕಿದ್ದರು. ಡಾಕ್ಟರ್ ಐರಿನ್, ನಾನು, ಮಂಚದ ಮೇಲೆ ಅಕ್ಕ.

ಹನ್ನೊಂದು ನಿಮಿಷ ಏನೂ ಕೇಳಲಿಲ್ಲ. ಕರುಳು ಒಮ್ಮೆ ಗುಳು ಎಂದಿತು. ನಾನು ಆ ಒಂಟಿ ಟಪ್‌ಗಾಗಿ ಕಾಯುತ್ತಿದ್ದೆ, ಯಾರೂ ಕೂಡಿಕೊಳ್ಳದಿದ್ದರೂ ನಾಚಿಕೆಯಿಲ್ಲದೆ ಮತ್ತೆ ಶುರುಮಾಡುತ್ತಿದ್ದ ಆ ಒಂದಕ್ಕಾಗಿ. ಅದೂ ಬರಲಿಲ್ಲ.

"ಸೂಟಿ ಮುಗದದ್ದು ಅವರಿಗೆ ಗೊತ್ತಾಗಿಲ್ಲ ಕಾಣತೈತಿ" ಎಂದಳು ಅಕ್ಕ.

ಯಾರೂ ನಗಲಿಲ್ಲ. ಅವಳು ನನ್ನ ಮುಖ ನೋಡಿದಳು, ಡಾಕ್ಟರರ ಮುಖ ನೋಡಿದಳು, ಸೀರೆಯ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಏಳನೆಯ ದಿನವೂ ಸೊನ್ನೆ. ಹತ್ತನೆಯ ದಿನವೂ ಸೊನ್ನೆ. ಹನ್ನೊಂದನೆಯ ದಿನ ಪಂಪು ಚೀರುವ ಮೊದಲೇ ಅಕ್ಕ ಬಚ್ಚಲಲ್ಲಿ ಬಿದ್ದಳು. ಅಲ್ಲಿಗೆ ನನಗೆ ಪೂರ್ತಿ ತಿಳಿಯಿತು. ಹೊರಗಿನ ಇನ್ಸುಲಿನ್ ಕುರುಡು. ಎಷ್ಟು ಬೇಕೆಂದು ನೋಡಿ ಕೊಡುವ ಕಣ್ಣು ಒಳಗಿನ ಕೋಶಗಳಿಗಷ್ಟೇ ಇದೆ. ಸಕ್ಕರೆ ಇಳಿದಾಗ ಕೈ ಹಿಂದೆಗೆಯುವುದು ಅವಕ್ಕೇ ಗೊತ್ತು. ಹದಿನೆಂಟೇ ಆದರೂ ಅವು ಇಷ್ಟು ವರ್ಷ ಅವಳನ್ನು ಹಿಡಿದುಕೊಂಡಿದ್ದವು. ಈಗ ಅವಳ ಸಕ್ಕರೆ ಒಂದು ಗಂಟೆಯಲ್ಲಿ ಮುನ್ನೂರಕ್ಕೆ ಏರಿ ಇನ್ನೊಂದು ಗಂಟೆಯಲ್ಲಿ ಐವತ್ತಕ್ಕೆ ಬೀಳುತ್ತಿತ್ತು. ನೂರು ದಿನಕ್ಕೆಂದು ಹಾಕಿದ ಬೆಂಕಿಯ ಕರಾರು ಇನ್ನು ಕಡೆಯವರೆಗೆ.

ಅದರ ಮರುದಿನ, ಶುಕ್ರವಾರ, ಡಾಕ್ಟರ್ ಐರಿನ್ ನನ್ನನ್ನು ಕರೆದರು. ಮೇಜಿನ ಮೇಲೆ ಒಂದು ಹಾಳೆ.

"ನಾಳೆಯಿಂದ ಗುಳಿಗೆ ನಿಲ್ಲಿಸುದು. ಎಲ್ಲರದ್ದೂ."

ಆಗ ಇಪ್ಪತ್ತಾರು ಜನ ಸೂಟಿಯ ನಡುವೆ ಇದ್ದರು. ಕೆಲವರಿಗೆ ನಲವತ್ತು ದಿನ, ಕೆಲವರಿಗೆ ಅರವತ್ತು.

"ನಡುವೆ ನಿಲ್ಲಿಸಿದರೆ ಅವರ ಕೋಶಗಳು ಅರ್ಧ ನಿದ್ದೆಯಲ್ಲಿ ಏಳುತ್ತವೆ. ಇರುವುದೂ ಸುಟ್ಟುಹೋಗುತ್ತದೆ ಎಂದು ನೀವೇ ಹೇಳಿದ್ದಿರಿ" ಎಂದೆ.

"ಹೇಳಿದ್ದೆ. ಆದರೆ ನಲವತ್ತೆರಡು ಇದ್ದವರು ಸೊನ್ನೆ ಆಗಿದ್ದಾರೆ ಅಡಿವೆಪ್ಪ. ಮೂವತ್ತಕ್ಕಿಂತ ಕಡಿಮೆ ಇದ್ದು ಸೊನ್ನೆ ಆಗಿದ್ರೆ ನನಗೆ ಅರ್ಥ ಆಗ್ತಿತ್ತು, ನಾನೇ ಹಾಕಿದ ಗೆರೆ ಅದು. ನಲವತ್ತೆರಡು ಅಂದ್ರೆ ಮದ್ದೇ ಕೊಲ್ತಾ ಉಂಟು ಅಂತ ಅರ್ಥ. ಇಪ್ಪತ್ತಾರು ಜನಕ್ಕೆ ವಿಷ ಕೊಡ್ತಾ ಕೂತುಕೊಳ್ಳುದಾ ನಾನು?"

ಪೆನ್ನಿನ ಮುಚ್ಚಳ ತೆಗೆದರು. ಹನ್ನೆರಡು ವರ್ಷ ಆ ಗುಳಿಗೆಗಾಗಿ ದುಡಿದಿದ್ದರು.

ನನ್ನ ಬಾಯಲ್ಲಿ ಆ ಕ್ಷಣ ಎಷ್ಟು ದನಿಗಳಿದ್ದವೋ. ಯಾವುದೂ ಕೆಲಸಕ್ಕೆ ಬರಲಿಲ್ಲ. ನಾಲಗೆಯನ್ನು ಅಂಗುಳಿಗೆ ಹಚ್ಚಿದೆ. ಒಂದು ಟಪ್. ಮುಂದಾಳು. ಎರಡು ಸಲ ಎಡವಿ, ಮತ್ತೆ ಹಿಡಿದು, ಆಮೇಲೆ ತಡವಾಗಿ ಕೂಡಿಕೊಳ್ಳುವವರು.

ಅವರು ಪೆನ್ನು ಕೆಳಗಿಟ್ಟರು. ಹಳೆಯ ಫೈಲು ತೆರೆದು ನನ್ನಕ್ಕನ ಹನ್ನೊಂದು ನಿಮಿಷವನ್ನು ಸ್ಪೀಕರಿಗೆ ಹಾಕಿದರು. ಅದರ ಜೊತೆಜೊತೆಗೇ ಒಂದು ನಿಮಿಷ ಮಾಡಿದೆ. ಎರಡೂ ಬೆರೆತು ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ. ಅವರು ಸ್ಪೀಕರ್ ಆರಿಸಿದರು. ನಾನು ನಿಲ್ಲಿಸಿದೆ.

"ನಿಜವಾದ್ದು ಎಷ್ಟಿತ್ತು?"

"ಹದಿನೆಂಟು."

ಬೈಯುತ್ತಾರೆಂದು ಕಾದೆ.

"ನನಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ಕೇಳಿದೆ ನಾನು. ಹದಿನೆಂಟು ಇತ್ತಲ್ಲ, ಅವನ್ನು ನನ್ನ ಕೈಯಾರೆ ಮಲಗಿಸಿದೆ" ಎಂದರು. ಆಮೇಲೆ ಹಾಳೆಯನ್ನು ಹರಿದು, ಇನ್ನೊಂದು ಹಾಳೆ ತೆಗೆದುಕೊಂಡು, ನಾನು ಹೇಳಿದ್ದನ್ನೆಲ್ಲ ಬರೆದು ನನ್ನಿಂದ ರುಜು ಹಾಕಿಸಿದರು. "ಇಪ್ಪತ್ತಾರು ಜನರದ್ದು ಮುಂದುವರಿಯುತ್ತದೆ. ನೀವು ನಾಳೆಯಿಂದ ಬರುದು ಬೇಡ. ನಿಮ್ಮ ಅಕ್ಕನಿಗೆ ನಿಯಮದ ಪ್ರಕಾರ ತಿಳಿಸ್ಬೇಕು. ನೀವು ಹೇಳ್ತೀರಾ, ನಾನು ಹೇಳುದಾ?"

"ನಾನೇ ಹೇಳ್ತೀನಿ."

"ನಿಮ್ಮ ದನಿಯಲ್ಲಿ ಹೇಳಿ" ಎಂದರು.

ಖಾನಾವಳಿಯ ಬಾಗಿಲು ಅರ್ಧ ಮುಚ್ಚಿತ್ತು. ಎರಡು ವಾರದಿಂದ ಗಿರಾಕಿಗಳು ಕಡಿಮೆಯಾಗಿ, ಅಂದು ಶಾಂತವ್ವನನ್ನೂ ಉಳಿದಿಬ್ಬರನ್ನೂ ಅಕ್ಕನೇ ಮನೆಗೆ ಕಳಿಸಿದ್ದಳು. ಒಲೆಯಲ್ಲಿ ಬೂದಿ. ಅವಳು ಕುರ್ಚಿಯ ಮೇಲೆ ಕೂತು ಜೋಳ ಆರಿಸುತ್ತಿದ್ದಳು. ಬೀಸಲು ಯಾರಿಗೂ ಬೇಕಿಲ್ಲದ ಜೋಳ.

ಹೇಳಿದೆ. ಬುಧವಾರದ ಮಧ್ಯಾಹ್ನ, ಚೀಲದ ಕೋಣೆ, ಗದ್ದಕ್ಕೆ ಕಟ್ಟಿದ ಪಟ್ಟಿ, ನಲವತ್ತೆರಡು, ಹದಿನೆಂಟು. ನಡುವೆ ಒಮ್ಮೆ ದನಿ ಬದಲಾಯಿತು. ಅವಳು ತಲೆಯೆತ್ತಿದಳು.

"ಈಗ ಯಾರ ದನಿಯೊಳಗ ಹೇಳಾಕತ್ತಿ?"

"ನನ್ನದ ಅಕ್ಕಾ."

"ಹೂಂ. ಹೇಳು."

ಹೇಳಿ ಮುಗಿಸಿದೆ. ಅವಳು ಮೊರದಲ್ಲಿನ ಕಲ್ಲೊಂದನ್ನು ಹೆಕ್ಕಿ ಪಕ್ಕಕ್ಕಿಟ್ಟಳು.

"ಹಂಗಾರ ಆವತ್ತು ನಾ ಕೇಳಿದ್ದು ನೀನ."

"ಹೌದು."

"ನಮ್ಮ ಮಂದಿ ಸದ್ದು ನಾ ಕೇಳೇ ಇಲ್ಲ."

"ಇಲ್ಲ ಅಕ್ಕಾ."

"ಹೆಂಗಿತ್ತೋ ಅದು, ಖರೇದು?"

ಬಾಯಿ ತೆರೆದೆ. ಹದಿನೆಂಟನ್ನು ಮಾಡಿ ತೋರಿಸುವುದು ನನಗೆ ಕಷ್ಟವಿರಲಿಲ್ಲ. ಅವಳು ಕೈಯೆತ್ತಿ ತಡೆದಳು.

"ಮಾಡಬ್ಯಾಡ. ಬಾಯಿಲೆ ಹೇಳು."

"ಒಬ್ಬಾಕಿ ಬಡೀತಿದ್ಲು. ಯಾರೂ ಕೂಡ್ತಿದ್ದಿಲ್ಲ. ಆದ್ರೂ ಬಿಡ್ತಿದ್ದಿಲ್ಲ."

ಅಕ್ಕನ ಕೈ ಮೊರದಲ್ಲೇ ನಿಂತಿತು. ಅವಳು ಅಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವ್ವ ಸತ್ತಾಗ, ಕೈ ಸುಟ್ಟಾಗ. ಇದು ಹಾಗಿರಲಿಲ್ಲ. ಸದ್ದೇ ಇರಲಿಲ್ಲ.

"ಇನ್ನೂ ಎಷ್ಟು ವರ್ಷ ಬಡೀತಿದ್ಲು ಅಕಿ?"

"ಜ್ವಾಪಾನ ಮಾಡಿದ್ರ ಐದಾರು ವರ್ಷ. ಹೆಚ್ಚಿಗೂ ಆಗಬಹುದಿತ್ತು."

"ನನ್ನ ಒಂದು ಮಾತು ಕೇಳಬೇಕಿತ್ತು ನೀ." ಅವಳ ದನಿ ಏರಲಿಲ್ಲ. "ಹದಿನೆಂಟ ಅದಾವ ಅಕ್ಕಾ, ಹಿಂಗ ಮಾಡಲೇನು ಅಂತ. ನಾ ಬ್ಯಾಡ ಅಂತಿದ್ದೆ. ನಾಕು ಮಂದಿ ಬಡಿಯೋ ಖಾನಾವಳಿ ಒಂದ ಕೈಲೆ ನಡಸಿದಾಕಿ ನಾ. ಹದಿನೆಂಟು ಮಂದಿ ಇಟಗೊಂಡು ನಡಸ್ತಿದ್ದಿಲ್ಲೇನು?"

ಅವಳು ಪಕ್ಕಕ್ಕಿಟ್ಟ ಕಲ್ಲನ್ನು ನಾನು ಎತ್ತಿಕೊಂಡೆ.

"ನಿನಗ ನಗಸಾಕ ಬರತೈತಿ. ನಗಸೂದು ಅಂದ್ರ ಚೊಲೋ ಮಾಡೂದು ಅಂತ ತಿಳಕೊಂಡಿ. ನಾನೂ ನಕ್ಕೆ. ಅದು ನಂದ ತಪ್ಪು." ಮೊರವನ್ನು ಕೆಳಗಿಟ್ಟಳು. "ಹೋಗಿನ್ನ."

ಎದ್ದೆ. ಹೊಸ್ತಿಲವರೆಗೆ ಹೋದವನು ಹಿಂದೆ ನೋಡಿದೆ. ಅವಳ ಹಣೆಯ ಮೇಲೆ ಬೆವರು ಮಣಿಗಟ್ಟಿತ್ತು. ತುಟಿ ಬಿಳಿಚಿತ್ತು. ಪಂಪು ಆಮೇಲೆ ಚೀರಿತು. ಅವಳು ಪಕ್ಕದಲ್ಲಿದ್ದ ಲೋಟಕ್ಕೆ ಕೈಚಾಚಿದಳು; ಕೈ ಲೋಟವನ್ನು ದಾಟಿ ಗಾಳಿಯಲ್ಲಿ ತಡಕಾಡಿತು.

ಓಡಿಬಂದು ಬೆಲ್ಲದ ನೀರನ್ನು ಬಾಯಿಗೆ ಹಿಡಿದೆ. ಅವಳು ತುಟಿ ಬಿಗಿಹಿಡಿದಳು. ಬೇಕೆಂದೇ ಬಿಗಿದಳೋ, ದೇಹ ಹಾಗೆ ಮಾಡಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗಲ್ಲ ಒತ್ತಿ ಕುಡಿಸಿದೆ. ಅರ್ಧ ಎದೆಯ ಮೇಲೆ ಚೆಲ್ಲಿತು. ಹತ್ತು ನಿಮಿಷಕ್ಕೆ ಕಣ್ಣಿಗೆ ಬೆಳಕು ಮರಳಿತು. ನನ್ನನ್ನು ನೋಡಿದಳು. ಹೋಗೆಂದು ತಾನೇ ಕಳಿಸಿದವನ ಕೈಯೇ ತನ್ನ ಬಾಯ ಹತ್ತಿರ ಇರುವುದನ್ನು ನೋಡಿ ಮುಖವನ್ನು ಗೋಡೆಗೆ ತಿರುಗಿಸಿದಳು.

ಅಂದಿನಿಂದ ದಿನವೂ ಹೋಗುತ್ತೇನೆ. ಮುಂಜಾನೆ ಆರರಿಂದ, ಎರಡು ಗಂಟೆಗೊಮ್ಮೆ ಬೆರಳು ಚುಚ್ಚಿ ಅಂಕಿ ಓದುತ್ತೇನೆ. ಯಾರಾದರೊಬ್ಬರು ಅವಳ ಹತ್ತಿರ ಇರಲೇಬೇಕು, ಮತ್ತು ನನಗೆ ಬೇರೆ ಕೆಲಸವಿಲ್ಲ. ಶಾಂತವ್ವ ಗದಗಿಗೆ ಮಗಳ ಮನೆಗೆ ಹೋದಳು. ಬೀದಿಯ ಜನ, ಎಂಥ ತಮ್ಮ ನೋಡು, ಕೆಲಸ ಬಿಟ್ಟು ಅಕ್ಕನ ಸೇವೆಗೆ ನಿಂತಾನ ಎನ್ನುತ್ತಾರೆ. ಅಕ್ಕ ಅದನ್ನು ತಿದ್ದುವುದಿಲ್ಲ. ನನ್ನನ್ನು ಬೇಡವೆನ್ನುವಷ್ಟು ಸ್ವಾತಂತ್ರ್ಯವನ್ನೂ ಅವಳಿಗೆ ಉಳಿಸದವನು ನಾನು.

ನಮ್ಮ ನಡುವೆ ಈಗ ಅಂಕಿಗಳಷ್ಟೇ ಮಾತು. ತೊಂಬತ್ತು. ಇನ್ನೂರ ಎಪ್ಪತ್ತು. ಅರವತ್ತು.

ಮೂರು ತಿಂಗಳ ಮೇಲೆ ಡಾಕ್ಟರ್ ಐರಿನ್ ಅವರಿಂದ ಎರಡು ಸಾಲಿನ ಕಾಗದ ಬಂತು. ಇಪ್ಪತ್ತಾರು ಜನರಲ್ಲಿ ಹತ್ತೊಂಬತ್ತು ಜನರ ಕೋಶಗಳು ಎದ್ದಿದ್ದವು. ಏಳು ಜನರಿಗೆ ಲಾಭವಾಗಲಿಲ್ಲ, ಆದರೆ ಇದ್ದದ್ದು ಹೋಗಲಿಲ್ಲ. ನಿಮ್ಮ ಅಕ್ಕನವರಿಗೆ ತಿಳಿಸಿ ಎಂದು ಬರೆದಿದ್ದರು. ಓದಿ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನ ಮೂರರ ಹೊತ್ತು; ಬೀದಿಯಲ್ಲಿ ಯಾರೋ ಚಾಪೆ ಒಗೆಯುತ್ತಿದ್ದರು.

"ಆ ಹತ್ತೊಂಬತ್ತು ಮಂದಿಯೊಳಗ," ಎಂದಳು, ಎಷ್ಟೋ ದಿನದ ಮೇಲೆ ಪೂರ್ತಿ ವಾಕ್ಯವೊಂದಕ್ಕೆ ಬಾಯಿ ತೆರೆದು, "ರೊಟ್ಟಿ ಬಡಿಯಾಕಿ ಯಾರರ ಅದಾಳೇನು?"

ಆ ಇಪ್ಪತ್ತಾರೂ ಜನರ ಹೊಟ್ಟೆಗಳನ್ನು ಕೇಳಿದವನು ನಾನು. ಬ್ಯಾಂಕಿನವರು, ಲಾರಿ ಚಾಲಕರು, ಒಬ್ಬ ಸಂಗೀತದ ಮೇಷ್ಟ್ರು, ಇಬ್ಬರು ನರ್ಸಮ್ಮಂದಿರು. ಅದಾಳ ಅಕ್ಕಾ, ನವಲಗುಂದದಾಕಿ, ನಿನ್ನಂಗ ದಿನಕ್ಕ ಇನ್ನೂರು ಬಡೀತಾಳ ಎಂದುಬಿಡಬಹುದಿತ್ತು. ಅವಳ ಹೆಸರು, ಅವಳು ಸೂಜಿ ಬಿಟ್ಟ ದಿನ, ಅವಳು ಅತ್ತದ್ದು, ಅವಳ ದನಿ ಕೂಡ ನಾಲಗೆಯ ಮೇಲೆ ಸಿದ್ಧವಾಗಿ ನಿಂತಿತ್ತು. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು.

"ಇಲ್ಲ ಅಕ್ಕಾ. ಯಾರೂ ಇಲ್ಲ" ಎಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನೋಡಿದಳು. ಆಮೇಲೆ, ಹೊತ್ತಾಗಿತ್ತು, ಚುಚ್ಚಲು ಬೆರಳು ಚಾಚಿದಳು.